ಮೈಗೆ ಬಣ್ಣ, ಹಿಂದೆ ಪರದೆ

11 ಆಗಸ್ಟ್ 2024, ಭಾನುವಾರ. ಬೇಗಾರ್

ಬೆಳಗಿನಿಂದ ಜಡಿ ಹಿಡಿದಿದೆ. ಶೃಂಗೇರಿಗೆ ಹೋಗಿ ಸ್ಟುಡಿಯೋ ಬಾಗಿಲು ತೆರೆಯುವ ಮನಸ್ಸಾಗಲಿಲ್ಲ. ತೆರೆದಿದ್ದರೂ ಪಾಸ್‌ಪೋರ್ಟ್ ಸೈಜ್ ಫೋಟೋಕ್ಕಾಗಿ ಈ ಮಳೆಯಲ್ಲಿ ಮನೆ ಬಿಟ್ಟು ಬರುವವರು ಯಾರು? ಅಟ್ಟದ ಮೇಲಿದ್ದ ಅಪ್ಪಯ್ಯನ ಸ್ಟುಡಿಯೋ ಪರದೆಗಳನ್ನು ಇಳಿಸಿ, ಅಡಿಕೆ ಸುಲಿಯುವ ಚಾವಡಿಯಲ್ಲಿ ಬಿಡಿಸಿ ಹಾಕಿದೆ. ಒಂದರಲ್ಲಿ ಅಮೃತಶಿಲೆಯ ಮೆಟ್ಟಿಲು, ಪಕ್ಕದಲ್ಲಿ ಕೊಳ, ಕೊಳದಲ್ಲಿ ಎರಡು ಹಂಸ. ಹಂಸಗಳ ಕುತ್ತಿಗೆಯವರೆಗೂ ಬೂಷ್ಟು ಬಂದಿದೆ. ಆ ಮೆಟ್ಟಿಲು ಹತ್ತಿ ಹೋಗುವುದೆಲ್ಲಿಗೆ ಅನ್ನುವುದು ಚಿಕ್ಕಂದಿನಿಂದಲೂ ನನಗೆ ಬಗೆಹರಿದಿಲ್ಲ. ಮೇಲೆ ಬಾಗಿಲೇ ಇಲ್ಲ.

ಪರದೆಯ ಸುರುಳಿಯೊಳಗೆ ಹಳೇ ಬ್ರೋಮೈಡ್ ಕಾಗದದ ಡಬ್ಬಿ ಸಿಕ್ಕಿತು. ಒಳಗೊಂದು ಹುಲಿ. ಘಟ್ಟದ ಕೆಳಗಿನಿಂದ ಹತ್ತಿ ಬಂದ ಹುಲಿವೇಷದವನನ್ನು ಅಪ್ಪಯ್ಯ ಕುರ್ಚಿಯಲ್ಲಿ ಕೂರಿಸಿ ತೆಗೆದದ್ದು. ಎರಡೂ ಕೈ ಮೊಣಕಾಲ ಮೇಲೆ, ಬೆನ್ನು ನೆಟ್ಟಗೆ, ಬಾಲವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ. ಬಡ್ತಿ ಸಿಕ್ಕಿದ ಗುಮಾಸ್ತನ ಗಾಂಭೀರ್ಯ. ಅಪ್ಪಯ್ಯ ಕಪ್ಪು ಬಟ್ಟೆಯೊಳಗಿನಿಂದ ಎಲ್ಲರಿಗೂ ಹೇಳುತ್ತಿದ್ದ ಹಾಗೆ ಹುಲಿಗೂ "ಅಲ್ಲಾಡ್ಬೇಡಿ" ಅಂದಿರಬೇಕು. ಫೋಟೋ ಕಪ್ಪು-ಬಿಳುಪಿನದು. ಹಾಗಾಗಿ ಅರಿಶಿನ ಬಣ್ಣದ ಮೈ ಬೂದಿಯಾಗಿ ಕಂಡಿದೆ. ಅದಕ್ಕೆ ಅಪ್ಪಯ್ಯ ಹತ್ತಿಯಲ್ಲಿ ಅದ್ದಿ ಅದ್ದಿ ಫೋಟೋ ಟಿಂಟ್ ಹಚ್ಚಿದ್ದಾನೆ. ಮೈಮೇಲೆ ಒಂದು ಸಲ ಬಳಿದ ಹಳದಿ ಕಾಗದದ ಮೇಲೆ ಇನ್ನೊಂದು ಸಲ. ಪಟ್ಟೆಗಳನ್ನು ಮುಟ್ಟಿಲ್ಲ. ಬಾಯಿಗೆ ಮಾತ್ರ ಚೂರು ಕೆಂಪು.

ಚಿತ್ರದ ಚಿತ್ರ ತೆಗೆದು ಸಾಗರದ ಕಡೆ ಡ್ರಾಯಿಂಗ್ ಮೇಷ್ಟ್ರಾಗಿರುವ ಅಣ್ಣನಿಗೆ (ಚಿಕ್ಕಪ್ಪನ ಮಗ) ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್. "ನಾವೂ ಮಾಡಾಣ ಮಾರಾಯ್ತಿ. ನಾ ಬಣ್ಣ ಬಳೀತೀನಿ, ನೀ ಫೋಟೋ ತೆಗಿ. ಅಡಿಕೆ ಚಾವಡಿ ದೀಪಾವಳಿವರೆಗೆ ಖಾಲಿ ತಾನೆ?"

ಖಾಲಿಯೇ. ಕೊನೆ ಕೊಯ್ಲು ಶುರುವಾದರೆ ಮಾತ್ರ ಕಾಲಿಡಲು ಜಾಗ ಇರುವುದಿಲ್ಲ.

27 ಆಗಸ್ಟ್, ಮಂಗಳವಾರ. ಉಡುಪಿ

ವಿಟ್ಲಪಿಂಡಿ, ಕೃಷ್ಣಾಷ್ಟಮಿಯ ಮರುದಿನ ಹುಲಿವೇಷಗಳು ಬೀದಿಗಿಳಿಯುವ ಹಬ್ಬ. ನಿನ್ನೆ ಮಧ್ಯಾಹ್ನವೇ ಆಗುಂಬೆ ಘಾಟಿ ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಬಂದೆವು. ಕೆಲಸವಿದ್ದದ್ದು ಇವತ್ತಿನ ರಥಬೀದಿಯಲ್ಲಿ ಅಲ್ಲ, ನಿನ್ನೆಯ ರಾತ್ರಿಯಲ್ಲಿ. ಹುಲಿಗಳು ಹುಟ್ಟುವುದು ರಾತ್ರಿ.

ಅಣ್ಣನ ಗೆಳೆಯರೊಬ್ಬರ ಮೂಲಕ ಒಂದು ತಂಡದವರು ಬಣ್ಣ ಹಾಕುವ ಜಾಗಕ್ಕೆ ಬಿಟ್ಟುಕೊಂಡರು. ಮೈಯ ಕೂದಲನ್ನೆಲ್ಲ ಬೋಳಿಸಿಕೊಂಡು ಚಡ್ಡಿಯಲ್ಲಿ ನಿಂತ ಹುಡುಗರ ಸಾಲು. ಮೊದಲು ಬುಡದ ಬಣ್ಣ, ಅದು ಒಣಗಿದ ಮೇಲೆ ಹಳದಿ, ಆಮೇಲೆ ಪಟ್ಟೆ. ಪಟ್ಟೆ ಹುಲಿಗೆ ಪಟ್ಟೆ, ಚಿಟ್ಟೆ ಹುಲಿಗೆ ಚುಕ್ಕಿ. ಪಟ್ಟೆ ಎಳೆಯುವ ಹಿರಿಯರು ಮಾತಾಡುವುದಿಲ್ಲ, ಕುಂಚದ ಹಿಂಬದಿಯಿಂದ ತಟ್ಟಿದರೆ ತಿರುಗಬೇಕೆಂದು ಅರ್ಥ. ಬಣ್ಣ ಹಚ್ಚಿಸಿಕೊಂಡವನು ಕೂರುವ ಹಾಗಿಲ್ಲ, ಮಲಗುವ ಹಾಗಿಲ್ಲ, ಕೈಯನ್ನು ಮೈಗೆ ತಾಗಿಸುವ ಹಾಗಿಲ್ಲ. ಅಡ್ಡ ಕಟ್ಟಿದ ಬಿದಿರಿಗೆ ತೋಳು ಚಾಚಿ ಫ್ಯಾನಿನ ಗಾಳಿಗೆ ನಿಂತೇ ಬೆಳಗು ಕಾಣಬೇಕು. ಹಿಂದೆ ಇದಕ್ಕೆ ಬಳಸುತ್ತಿದ್ದದ್ದು ಬಾಗಿಲು-ಕಿಟಕಿಗೆ ಬಳಿಯುವ ಎನಾಮಲ್ ಪೇಂಟು, ಬಿಡಿಸಲು ಸೀಮೆಎಣ್ಣೆ. ಈಗೀಗ ಕೆಲವರು ನೀರಿನ ಬಣ್ಣಕ್ಕೆ ಹೊರಳಿದ್ದಾರೆ. ಉರಿಯುವುದಿಲ್ಲವೇ ಎಂದು ಒಬ್ಬನನ್ನು ಕೇಳಿದೆ. "ಮೊದ್ಲು ಉರಿ, ಆಮೇಲೆ ಚಳಿ. ತಾಸೆ ಬಡಿದ್ಮೇಲೆ ಎಂತದೂ ಇಲ್ಲ" ಅಂದ.

ಆ ಮಾತನ್ನು ಇವತ್ತು ಕಣ್ಣಾರೆ ಕಂಡೆ. ರಾತ್ರಿಯಿಡೀ ತೂಕಡಿಸುತ್ತಿದ್ದ ಅದೇ ಹುಡುಗ ತಾಸೆಯ ಮೊದಲ ಪೆಟ್ಟಿಗೆ ಹಿಂಗಾಲಿನ ಮೇಲೆ ಕುಪ್ಪಳಿಸಿ, ನೆಲ ಕೆರೆದು, ಬಾಲವನ್ನು ಕೈಯಲ್ಲಿ ಹಿಡಿದು ತಿರುಗಿಸಿದ. 'ಉಳಿದವರು ಕಂಡಂತೆ', 'ಗರುಡ ಗಮನ ವೃಷಭ ವಾಹನ' ನೋಡಿಕೊಂಡು ಬಂದ ಊರಾಚೆಯ ಹುಡುಗರು ಅವನ ಸುತ್ತ ಮೊಬೈಲ್ ಎತ್ತಿದ್ದರು. ಬೆವರಿಗೆ ಹೊಟ್ಟೆಯ ಹಳದಿ ಬಿರುಕು ಬಿಟ್ಟಿತ್ತು. ಅಪ್ಪಯ್ಯನ ಫೋಟೋದಲ್ಲಿ ಇಲ್ಲದ್ದು ಇದೇ. ಅಲ್ಲಿ ಕೂತದ್ದು ಹುಲಿಯ ಬಣ್ಣ ಹಚ್ಚಿಕೊಂಡ ಗಿರಾಕಿ. ಇಲ್ಲಿ ಬಣ್ಣದೊಳಗಿನ ಮನುಷ್ಯ ಕೆಲವು ಗಳಿಗೆ ಕಾಣೆಯಾಗುತ್ತಾನೆ. ಇದನ್ನು ಸ್ಟುಡಿಯೋದೊಳಗೆ ತರುವುದು ಹೇಗೆ?

ಬೀದಿ ತುಂಬ ರವಿ ಕಟಪಾಡಿಯವರ ಮಾತು. ಗಾರೆ ಕೆಲಸ ಮಾಡುವ ಮನುಷ್ಯ ವಿದೇಶಿ ಸಿನಿಮಾದ ವಿಚಿತ್ರ ಪ್ರಾಣಿಗಳ ವೇಷ ಹಾಕಿ, ಅಷ್ಟಮಿಯಲ್ಲಿ ಕೂಡಿದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಟ್ಟವರು. ಅಮಿತಾಭ್ ಬಚ್ಚನ್ ಎದುರು ಕೌನ್ ಬನೇಗಾ ಕರೋಡ್‌ಪತಿಯಲ್ಲೂ ಕೂತು ಬಂದರು. ಹಾಗೆ ನೋಡಿದರೆ ನಮ್ಮದು ಯಾರಿಗೂ ಉಪಯೋಗವಿಲ್ಲದ ಆಟ. ಇರಲಿ.

1 ಸೆಪ್ಟೆಂಬರ್, ಭಾನುವಾರ

ಬಣ್ಣದ ಪಂಚಾಯಿತಿ. ಎನಾಮಲ್ ಬೇಡ ಅನ್ನುವುದರಲ್ಲಿ ಇಬ್ಬರಿಗೂ ತಕರಾರಿಲ್ಲ. ಯಕ್ಷಗಾನದ ಚೌಕಿಯ ಹಳೇ ಬಣ್ಣಗಳನ್ನು ಅಣ್ಣ ನೆನಪಿಸಿದ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದು. ಕೇಳಲು ಚೆಂದ. ಅರದಾಳವೆಂದರೆ ಆರ್ಸೆನಿಕ್, ಇಂಗಳೀಕವೆಂದರೆ ಪಾದರಸ. ಮುಖಕ್ಕೆ ಹಚ್ಚಿಕೊಂಡು ರಾತ್ರಿಯಿಡೀ ಕುಣಿದವರ ಮೇಲೆ ಗೌರವ ಹೆಚ್ಚಿತು, ಡಬ್ಬಿ ಮಾತ್ರ ಮನೆಗೆ ತರುವುದಿಲ್ಲ.

ಸಾಗರ, ಸೊರಬದ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಬಣ್ಣ ಮಾಡಿಕೊಳ್ಳುವುದನ್ನು ಅಣ್ಣ ಹತ್ತಿರದಿಂದ ನೋಡಿದ್ದಾನೆ. ಅಕ್ಕಿ ಅರೆದ ಬಿಳಿ, ಹುರಿದು ಕರಕಾಗಿಸಿದ ಅಕ್ಕಿಯ ಕಪ್ಪು, ಕೆಮ್ಮಣ್ಣು, ಗುರುಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅದನ್ನೇ ಹಿಡಿದೆವು. ಚಿತ್ತಾರದ ಎಳೆಗಳನ್ನೂ ಬೆನ್ನ ಮೇಲೆ ಬಿಡಿಸೋಣವೇ ಎಂದದ್ದಕ್ಕೆ ಅಣ್ಣ ಒಪ್ಪಲಿಲ್ಲ. ಅದು ಮದುವೆ ಮನೆಯ ಗೋಡೆಯದು, ಗಂಡು-ಹೆಣ್ಣು ಅದರ ಮುಂದೆ ಕೂರಬೇಕು, ನಮ್ಮ ತಮಾಷೆಗೆ ಕೀಳಬಾರದು ಎಂದ. ಸರಿಯೆನಿಸಿತು. ಬಣ್ಣ ಕಲಿತೆವು, ಗೆರೆ ನಮ್ಮದು.

ಕಂದು ಬೇಕಲ್ಲ? ಕಳೆದ ವರ್ಷ ಅಡಿಕೆ ಬೇಯಿಸಿದ ಚೊಗರು ಹಂಡೆಯ ತಳದಲ್ಲಿತ್ತು. ಅಮ್ಮ ನೋಡಿ ಹೌಹಾರಿದಳು. "ಅಡಿಕೆ ಚೊಗರು ಮೈಗೆ ಹಚ್ಚುದಾ? ಸುಲಿಯೋರ ಕೈ ನೋಡಿಲ್ವನೇ? ಹಬ್ಬ ಬಂದ್ರೂ ಹೋಗೂದಿಲ್ಲ." ಅಣ್ಣ ಮೊಣಕೈಗೆ ಒಂದು ಗೆರೆ ಹಚ್ಚಿ ನೋಡಿದ. ಅದ್ಭುತ ಬಣ್ಣ, ಹಳೇ ತೇಗದ ಮರದ್ದು. ಕಬ್ಬಿಣದ ಬಾಣಲೆಗೆ ಹಾಕಿಟ್ಟ ಸ್ವಲ್ಪ ಭಾಗ ಸಂಜೆಗೆ ಕಪ್ಪಾಗಿತ್ತು. ಹಳೇ ಕಾಲದ ಶಾಯಿಯೂ ಹೀಗೆ ಒಗರಿಗೆ ಕಬ್ಬಿಣ ಸೇರಿಸಿ ಆದದ್ದೇ ತಾನೆ.

ಮಳೆಗಾಲದ ಒಂದೇ ತೊಂದರೆ: ಅಕ್ಕಿಹಿಟ್ಟು ಒಣಗುವುದೇ ಇಲ್ಲ. ಅಗ್ಗಿಷ್ಟಿಕೆ ತಂದಿಟ್ಟು ನಮ್ಮ ಮಾಡೆಲ್‌ಗಳನ್ನು ಹಪ್ಪಳದಂತೆ ಒಣಗಿಸಬೇಕು.

8 ಸೆಪ್ಟೆಂಬರ್, ಭಾನುವಾರ

ಚೌತಿಯ ಕಡುಬು ಇನ್ನೂ ಉಳಿದಿತ್ತು, ಆದ್ದರಿಂದ ಅಣ್ಣನೂ ಉಳಿದಿದ್ದ. ಇವತ್ತು ಅವನನ್ನೇ ಮಾಯ ಮಾಡಿದೆವು.

ಯೋಚನೆ ನಮ್ಮ ಸ್ವಂತದ್ದಲ್ಲ. ಚೀನಾದ ಲಿಯು ಬೋಲಿನ್ ತನ್ನ ಮೈಗೆ ಹಿನ್ನೆಲೆಯದೇ ಬಣ್ಣ ಬಳಿಸಿಕೊಂಡು ಗೋಡೆಯಲ್ಲಿ, ಅಂಗಡಿಯ ಕಪಾಟಿನಲ್ಲಿ ಕರಗಿ ಹೋಗುತ್ತಾನೆ. 2005ರಲ್ಲಿ ಬೀಜಿಂಗ್‌ನಲ್ಲಿ ಕಲಾವಿದರಿದ್ದ ಕೇರಿಯನ್ನು ಕೆಡವಿದಾಗ ಸಿಟ್ಟಿನಿಂದ ಶುರು ಮಾಡಿದ್ದು. ನಮಗೆ ಸಿಟ್ಟಿಲ್ಲ, ಮೆಟ್ಟಿಲಿದೆ. ಅಣ್ಣ ಪರದೆಯ ಮುಂದೆ ಬರಿಮೈಯಲ್ಲಿ ನಿಂತ. ಅವನ ಶಿಷ್ಯನೊಬ್ಬ ಬಳಿದ. ನಾನು ಕ್ಯಾಮೆರಾದ ಹಿಂದಿನಿಂದ ಕೂಗಿದೆ: ಎಡ ಭುಜದ ಮೇಲೆ ಮೂರನೇ ಮೆಟ್ಟಿಲು ಇನ್ನೂ ಒಂದು ಬೆರಳು ಕೆಳಗೆ, ಹೊಕ್ಕುಳ ಹತ್ತಿರ ಹಂಸದ ಕೊಕ್ಕು, ಬೂಷ್ಟು ಮರೆಯಬೇಡ. ಬೂಷ್ಟಿನ ಬಣ್ಣವೇ ಎಲ್ಲಕ್ಕಿಂತ ಕಷ್ಟವಾಯಿತು. ಬೂದಿಗೆ ಚೂರು ಅರಿಶಿನ, ಒಂದು ತೊಟ್ಟು ಕಾಡಿಗೆ.

ಈ ಆಟ ಒಂದೇ ಕಣ್ಣಿಗೆ. ಕ್ಯಾಮೆರಾ ಒಂದು ಅಂಗುಲ ಪಕ್ಕಕ್ಕೆ ಸರಿದರೂ ಮೆಟ್ಟಿಲು ಮುರಿಯುತ್ತದೆ. ಬೆಳಕೂ ಹಾಗೆಯೇ. ಎರಡೂ ಕಡೆ ಸಾಫ್ಟ್‌ಬಾಕ್ಸ್ ಇಟ್ಟು ನೆರಳನ್ನೆಲ್ಲ ಕೊಲ್ಲಬೇಕು. ಮೂಗಿನ ನೆರಳು ಒಂದಿಷ್ಟು ಬಿದ್ದರೂ ಮನುಷ್ಯ ಹೊರಗೆ ಬಂದುಬಿಡುತ್ತಾನೆ. ನಾನು ಗಿರಾಕಿಗಳಿಗೆ ಬೆಳಕು ಹೊಂದಿಸುವುದು ಮೂಗು ಎದ್ದು ಕಾಣಲಿ ಎಂದು. ಇವತ್ತು ತದ್ವಿರುದ್ಧ ಕೆಲಸ, ಮತ್ತು ಅದರಲ್ಲಿ ಎಷ್ಟು ಖುಷಿ!

ಕೊನೆಗೆ ಅಣ್ಣ ಕಣ್ಣು ಮುಚ್ಚಿದ, ರೆಪ್ಪೆಯ ಮೇಲೂ ಮೆಟ್ಟಿಲಿತ್ತು. ಇಲ್ಲವಾದ. ಚಹಾ ತಂದ ಅಮ್ಮ ಬಾಗಿಲಲ್ಲಿ ನಿಂತು, "ಅವ ಎಲ್ಲಿ?" ಅಂದಳು. ಹಂಸ ಕೆಮ್ಮಿತು. ಲೋಟ ಒಂದು ಒಡೆಯಿತು.

12 ಸೆಪ್ಟೆಂಬರ್, ಗುರುವಾರ. ಶೃಂಗೇರಿ

ಇಡೀ ದಿನ ಸ್ಕಾಲರ್‌ಶಿಪ್ ಅರ್ಜಿಯ ಫೋಟೋ. ನೀಲಿ ಅಂಗಿ, ಬಿಳಿ ಹಿನ್ನೆಲೆ, ನಗಬಾರದು.

15 ಸೆಪ್ಟೆಂಬರ್, ಭಾನುವಾರ

ಸುದ್ದಿ ಬೇಗಾರ್ ದಾಟಿದೆ. ಅಕ್ಕಪಕ್ಕದ ಮಕ್ಕಳೆಲ್ಲ ಬಂದು ಚಾವಡಿಯ ಜಗಲಿಯಲ್ಲಿ ಸಾಲಾಗಿ ಕೂತಿದ್ದರು, ದಂತವೈದ್ಯರ ಮನೆಯಲ್ಲಿ ಕೂತ ಹಾಗಲ್ಲ, ಊಟದ ಪಂಕ್ತಿಯ ಉತ್ಸಾಹದಲ್ಲಿ. ಒಬ್ಬನಿಗೆ ಓತಿಕ್ಯಾತನಾಗಬೇಕು. ಒಬ್ಬಳಿಗೆ ಅಡಿಕೆ ಮರ. ಅಡಿಕೆ ಮರವಾದವಳ ಕೈಗಳನ್ನು ಮೇಲೆತ್ತಿ ಕಟ್ಟಿ, ಕಾಂಡದ ಬಿಳಿ ಉಂಗುರಗಳನ್ನೂ ಹಸಿರು ಪಾಚಿಯನ್ನೂ ಹಚ್ಚಿ, ತಲೆಯ ಮೇಲೆ ಸೋಗೆ ಸಿಕ್ಕಿಸಿದ್ದಾಯಿತು. ಸ್ವಲ್ಪ ಹೊತ್ತು ನಿಂತವಳು "ನಂಗೆ ಗಾಳಿ ಬಂತು" ಎಂದು ತೂಗಾಡಿದಳು. ಆ ಒಂದು ಚಿತ್ರದಲ್ಲಿ ಬೆರಳೆಲ್ಲ ಅಲುಗಿ ಮಸುಕಾಗಿವೆ. ಉಡುಪಿಯಿಂದ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಗೆ ಅವಳು ಸುಮ್ಮನೆ ಉತ್ತರ ಕೊಟ್ಟಳು. ಶಟರ್ ನಿಧಾನ ಮಾಡಿ ಕೊನೆಯಲ್ಲಿ ಫ್ಲಾಷ್ ಹೊಡೆಸಿದರೆ ಮೈ ಸ್ಪಷ್ಟ, ಅಲುಗಾಟ ಬಾಲದ ಹಾಗೆ ಹಿಂದೆ. ಇನ್ನು ಮುಂದೆ "ಅಲ್ಲಾಡ್ಬೇಡಿ" ಬಂದ್.

ಮಧ್ಯಾಹ್ನ ಎದುರು ಮನೆ ಅತ್ತಿಗೆ ಬಂದರು. ಮೈಗೆಲ್ಲ ಬೇಡ, ಕೈಗೆ ಮಾತ್ರ ಅಂದರು. ಅಣ್ಣ ಅವರ ಮುಂಗೈ ತುಂಬ ಚಿನ್ನದ ಬಳೆ ಬರೆದ. ಅದನ್ನು ನೋಡಿ ಅಮ್ಮ ಮೆಲ್ಲಗೆ ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. "ನಂಗೊಂದು ಅವಲಕ್ಕಿ ಸರ." ನನ್ನ ಮದುವೆಗೆ ಕರಗಿದ ಸರ ಅದು. ಅಣ್ಣ ಒಂದೊಂದು ಅವಲಕ್ಕಿ ಕಾಳನ್ನೂ ಬಿಡಿಬಿಡಿಯಾಗಿ ಬರೆದ, ಪ್ರತಿಯೊಂದಕ್ಕೂ ಸೂಜಿಮೊನೆಯಷ್ಟು ಹೊಳಪು. ಚಿನ್ನ ಗ್ರಾಮಿಗೆ ಆರೂವರೆ ಸಾವಿರ ದಾಟಿರುವಾಗ ಇದಕ್ಕಿಂತ ಸರಸದ ವ್ಯಾಪಾರ ಇಲ್ಲ. ಹಾಲಿವುಡ್‌ನ ಡೆಮಿ ಮೂರ್ 1992ರ ಆಗಸ್ಟ್ ತಿಂಗಳ 'ವ್ಯಾನಿಟಿ ಫೇರ್' ಮುಖಪುಟಕ್ಕೆ ಗಂಡಸರ ಸೂಟನ್ನು ಮೈಮೇಲೆಯೇ ಬರೆಸಿಕೊಂಡು ನಿಂತದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಬರೆದವರು ಜೋಆನ್ ಗೇರ್, ಫೋಟೋ ಆನಿ ಲೀಬೊವಿಟ್ಸ್. ನನಗೆ ಅಮ್ಮನ ಸರವೇ ಹೆಚ್ಚು. ಆ ಸೂಟು ಇಲ್ಲದ ಬಟ್ಟೆಯನ್ನು ಇದೆ ಅನ್ನಿಸುತ್ತದೆ, ಅಷ್ಟೇ. ಅಮ್ಮ ಸರವನ್ನು ಎರಡು ಬೆರಳಲ್ಲಿ ಎತ್ತಿ ಸರಿಪಡಿಸಿಕೊಳ್ಳಲು ಹೋದಳು.

ಕ್ಯಾಮೆರಾ ಕಂಡರೆ ತುಟಿ ಬಿಗಿಯುವ ಹೆಂಗಸು ಇವತ್ತು ನನಗೇ ಹೇಳಿದಳು, ಸ್ವಲ್ಪ ಪಕ್ಕಕ್ಕೆ ತಿರುಗ್ತೀನಿ, ಪದಕ ಕಾಣ್ಲಿ.

22 ಸೆಪ್ಟೆಂಬರ್, ಭಾನುವಾರ

ಇವತ್ತಿನದನ್ನು ಸಾವಧಾನವಾಗಿ ಬರೆಯಬೇಕು.

ತೋಟಕ್ಕೆ ಔಷಧಿ ಹೊಡೆಯುತ್ತಿದ್ದರು. ಮಳೆ ಬಿಡದ ವರ್ಷ, ಕೊಳೆರೋಗದ ಭಯ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ದ್ರಾಕ್ಷಿ ತೋಟದ ಈ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಅಡಿಕೆಗೆ ಒಗ್ಗಿಸಿದರು. ಅಂದಿನಿಂದ ಮಲೆನಾಡಿನ ಮಳೆಗಾಲದ ಬಣ್ಣ ಅದೇ: ಮರ ನೀಲಿ, ಗೊನೆ ನೀಲಿ, ಕೊಟ್ಟೆ ಕಟ್ಟಿದ ಪ್ಲಾಸ್ಟಿಕ್ ನೀಲಿ, ಮರದ ಮೇಲಿರುವ ಮನುಷ್ಯ ನೀಲಿ.

ಮಧ್ಯಾಹ್ನದ ಬಿಡುವಿನಲ್ಲಿ, ಮರ ಹತ್ತಿ ಔಷಧಿ ಹೊಡೆಯುತ್ತಿದ್ದ ಕೊನೆಗೌಡರು ಚಾವಡಿಗೆ ಬಂದರು. ಬ್ಯಾಂಕಿಗೆ ಕೊಡಲು ಒಂದು ಫೋಟೋ ಬೇಕು, ಹೇಗೂ ಲೈಟು ಹಾಕಿದ್ದೀರಲ್ಲ ಎಂದರು. ನಾನು ತಲೆಯೆತ್ತಿ ನೋಡಿ ದಂಗಾದೆ. ಹಣೆಯಿಂದ ಎದೆಯವರೆಗೆ ಆಕಾಶದ ನೀಲಿ ತುಂತುರು. ಬೆವರು ಹರಿದಲ್ಲಿ ಗೆರೆ ಬಿಟ್ಟಿದೆ. ಕಣ್ಣಿನ ಸುತ್ತ ಮಾತ್ರ ಒರೆಸಿಕೊಂಡ ಕಪ್ಪು ಉಂಗುರ. ವಾರಗಟ್ಟಲೆ ನಾವು ಅರೆದು, ಒಣಗಿಸಿ, ಬಳಿದು ಪಡೆಯದ ಬಣ್ಣ ಮರದಿಂದ ಇಳಿದು ಬಂದಿತ್ತು. "ಗೌಡ್ರೇ, ಹೀಗೇ ಒಂದು ತೆಗೀಲಾ?" ಅಂದೆ.

"ಹೀಗಾ? ಬ್ಯಾಡ ಅಕ್ಕ" ಅಂದರು. ನಗುತ್ತಲೇ, ಆದರೆ ಖಡಾಖಂಡಿತವಾಗಿ. "ಇದು ಕೆಲ್ಸದ್ದು. ಮುಖ ತೊಳ್ಕಂಡ್ ಬರ್ತೀನಿ."

ಬಚ್ಚಲಲ್ಲಿ ಬಿಸಿನೀರು ಕೊಟ್ಟೆವು. ಅಣ್ಣನ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿ, ಬ್ಯಾಂಕಿಗೆ ಸಲ್ಲುವ ಮುಖದಲ್ಲಿ ಕೂತರು. ಕಿವಿಯ ಹಿಂದೆ ನೀಲಿ ಉಳಿದಿತ್ತು, ಫೋಟೋದಲ್ಲಿ ಕಾಣುವುದಿಲ್ಲ.

ಅವರು ಹೋದ ಮೇಲೆ ಅಣ್ಣನಿಗೂ ನನಗೂ ಜೋರು ವಾದ. ಅವನಿಗೆ ಹೊಟ್ಟೆಯುರಿ: ಎಂಥ ಚಿತ್ರ ತಪ್ಪಿಹೋಯಿತು! ನನಗೆ ಪುಷ್ಪಮಾಲಾ ಎನ್. ಅವರ ಸರಣಿ ನೆನಪಾಗುತ್ತಿತ್ತು. ಬೆಂಗಳೂರಿನ ಪುಷ್ಪಮಾಲಾ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜೊತೆಗೂಡಿ 2000ದಿಂದ 2004ರವರೆಗೆ 'ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ' ಮಾಡಿದರು. ಬರೆಸಿದ ಪರದೆ, ಬಾಡಿಗೆ ಒಡವೆ, ಒಬ್ಬರೇ ಎಲ್ಲ ವೇಷ. ರವಿವರ್ಮನ ಲಕ್ಷ್ಮಿಯಾಗಿ ನಿಂತವರೇ ಇನ್ನೊಂದರಲ್ಲಿ, ಬ್ರಿಟಿಷರ ಕಾಲದಲ್ಲಿ ಬುಡಕಟ್ಟಿನವರನ್ನು ಅಳತೆಗಾಗಿ ಚೌಕಳಿ ಪರದೆಯ ಮುಂದೆ ನಿಲ್ಲಿಸಿ ತೆಗೆಯುತ್ತಿದ್ದ ಹಾಗೆ ನಿಂತಿದ್ದಾರೆ. ನಗು ಬರುತ್ತದೆ, ಕೂಡಲೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಕಾಲದ ಸ್ಟುಡಿಯೋದಲ್ಲಿ ನಿಂತವರಿಗೆ "ಬ್ಯಾಡ" ಅನ್ನುವ ದಾರಿ ಇರಲಿಲ್ಲ. ಗೌಡರಿಗೆ ಇತ್ತು, ಅಂದರು. ನಮ್ಮ ಅಣ್ಣ ತಾನಾಗಿ ಹಂಸವಾದ, ಅಮ್ಮ ತಾನಾಗಿ ಸರ ಕೇಳಿದಳು. ಗೌಡರ ನೀಲಿ ಅವರು ಕೇಳಿ ಹಚ್ಚಿಸಿಕೊಂಡದ್ದಲ್ಲ, ಸಂಜೆ ಚರ್ಮ ಕೆರೆಯುವ ತುತ್ತ. ಅದನ್ನು ಅಡಿಕೆ ಮರದ ಹುಡುಗಿಯ ಪಕ್ಕ ನೇತುಹಾಕಿದರೆ ನಮ್ಮ ಆಟಕ್ಕೆ ಕಳೆ ಬರುತ್ತಿತ್ತು, ಅವರಿಗೆ ಏನು ಬರುತ್ತಿತ್ತು?

ಅಣ್ಣ ಇದನ್ನು ಪೂರ್ತಿ ಒಪ್ಪಿಲ್ಲ. ಕೆಲಸದ ಬಣ್ಣ ಆಟದ ಬಣ್ಣಕ್ಕಿಂತ ಕಡಿಮೆ ಅಂತ ನಾಚಿಕೆಪಡುವುದು ಯಾಕೆ ಎಂದು ಅವನ ಪ್ರಶ್ನೆ. ಪ್ರಶ್ನೆ ಒಳ್ಳೆಯದೇ. ನನ್ನನ್ನಲ್ಲ, ಗೌಡರನ್ನು ಕೇಳಬೇಕು.

2 ಅಕ್ಟೋಬರ್, ಬುಧವಾರ. ಶೃಂಗೇರಿ

ಮಹಾಲಯ ಅಮಾವಾಸ್ಯೆ. ಶಾರದೆಗೆ ಇವತ್ತು ಜಗತ್ಪ್ರಸೂತಿಕಾ ಅಲಂಕಾರ, ತೊಡೆಯ ಮೇಲೆ ಕೂಸು. ನಾಳೆಯಿಂದ ದಿನಕ್ಕೊಂದು ರೂಪ: ಹಂಸದ ಮೇಲೆ, ನವಿಲಿನ ಮೇಲೆ, ಒಂದು ದಿನ ಮೋಹಿನಿ, ಒಂದು ದಿನ ವೀಣೆ ಹಿಡಿದು. ಸಾಲಿನಲ್ಲಿ ನಿಂತ ಅಜ್ಜಿಯೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು, ವರ್ಷವಿಡೀ ಒಂದೇ ಸೀರೆ ಉಟ್ಟರೆ ಅವಳಿಗೂ ಬೇಜಾರಾಗದಾ. ಅಂಗಡಿಯಲ್ಲಿ ಯಾತ್ರಿಕರ ನೂಕುನುಗ್ಗಲು. ಚಾವಡಿ ಕೆಲಸ ನಿಂತಿದೆ.

13 ಅಕ್ಟೋಬರ್, ಭಾನುವಾರ

ವಿಜಯದಶಮಿಯ ಮರುದಿನ. ಬೆಳಿಗ್ಗೆ ಹತ್ತಕ್ಕೆ ಕೊನೆಗೌಡರು ಬಂದು ಚಾವಡಿಯ ಕಂಬಕ್ಕೆ ಒರಗಿ ನಿಂತರು. ಬ್ಯಾಂಕಿನ ಕೆಲಸ ಆಯಿತಂತೆ. ಹೋಗುವ ಲಕ್ಷಣ ಕಾಣಲಿಲ್ಲ. ಆಮೇಲೆ ಅಣ್ಣನ ಕಡೆ ತಿರುಗಿ, "ಮೇಷ್ಟ್ರೇ, ಹುಲಿ ಮಾಡ್ತೀರಾ?"

ಚಿಕ್ಕಂದಿನಲ್ಲಿ ಘಟ್ಟದ ಕೆಳಗಿನ ಅಜ್ಜಿ ಮನೆಯಲ್ಲಿ ಹುಲಿಗಳ ಹಿಂದೆ ಓಡಿದ್ದರಂತೆ. ಮರಿಹುಲಿಯಾಗಬೇಕೆಂದು ಅತ್ತು ಹೊಡೆತ ತಿಂದದ್ದೂ ಉಂಟು. ಷರತ್ತು ಹಾಕಿದರು: ಚಿಟ್ಟೆ ಬೇಡ, ಪಟ್ಟೆ. ಅರಿಶಿನ ಜಾಸ್ತಿ ಇರಲಿ. ನೀಲಿ ಎಲ್ಲೂ ಇರಬಾರದು.

ಬಣ್ಣ ಹಾಕುವಾಗ ಅಣ್ಣ ತನ್ನ ಪ್ರಶ್ನೆ ಕೇಳಿಯೇಬಿಟ್ಟ, ಅವತ್ತು ಯಾಕೆ ಬೇಡವೆಂದಿರಿ ಅಂತ. ಗೌಡರು ತೋಳು ಚಾಚಿಕೊಂಡೇ, "ಮರದ್ಮೇಲೆ ನಾ ಹ್ಯಾಗಿರ್ತೀನಿ ಅಂತ ಎಲ್ರಿಗೂ ಗೊತ್ತದೆ ಮಾರಾಯ್ರೆ. ಅದ್ಕೆ ಫೋಟೋ ಯಾಕೆ?" ಅಂದರು. ಅಣ್ಣ ಪಟ್ಟೆ ಎಳೆಯುವುದನ್ನು ಮುಂದುವರಿಸಿದ. ಚೊಗರಿನ ಕಪ್ಪು ಅರಿಶಿನದ ಮೇಲೆ ಚೆನ್ನಾಗಿ ಕೂತಿತು. ಇನ್ನೊಂದು ವಾರ ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದೆವು. ಅದಕ್ಕೇ ಬಂದಿದ್ದೇನೆ ಎಂದರು.

ತಾಸೆ ಇರಲಿಲ್ಲ. ಅಡಿಕೆ ಬೇಯಿಸುವ ಹಂಡೆಯನ್ನು ಬೋರಲು ಹಾಕಿ ಮಕ್ಕಳು ಬಡಿದರು. ಗೌಡರು ಕುಣಿಯುತ್ತಾರೆಂದುಕೊಂಡೆ. ಕುಣಿಯಲಿಲ್ಲ, ಹತ್ತಿದರು. ಚಾವಡಿಯ ಮಧ್ಯದ ಕಂಬಕ್ಕೆ ಎರಡೂ ಪಾದ ಒತ್ತಿ, ಮರ ಹತ್ತುವ ತಳೆ ಇಲ್ಲದೆ, ಒಂದೇ ಉಸಿರಿಗೆ ಜಂತಿಯ ತನಕ. ಮೇಲಿನಿಂದ ತಿರುಗಿ ನಮ್ಮ ಮೇಲೆ ಗುರ್ರೆಂದರು. ಮಕ್ಕಳು ಚೀರಿಕೊಂಡು ಅಂಗಳಕ್ಕೆ ಓಡಿದರು. ಹಂಸದ ಪರದೆ ಕೆಳಗೆ ಉಳಿಯಿತು, ಹಿಂದೆ ಬರೀ ಹೊಗೆ ಹಿಡಿದ ಹೆಂಚು. ಫ್ಲಾಷನ್ನು ಕೈಯಲ್ಲಿ ಹಿಡಿದು ಬೆಂಚಿನ ಮೇಲೆ ಹತ್ತಿ ಒತ್ತುತ್ತಾ ಹೋದೆ.

ಸಂಜೆ ಕಂಪ್ಯೂಟರಿನಲ್ಲಿ ತೋರಿಸಿದೆ. ಗುರ್ರೆಂದದ್ದು ಅವರಿಗೆ ಹಿಡಿಸಲಿಲ್ಲ, ಬಾಯಲ್ಲಿ ಹಲ್ಲಿಲ್ಲದ್ದು ಕಾಣುತ್ತದಂತೆ. ಆರಿಸಿದ್ದು ಬೇರೆ: ಇಳಿಯುವ ಮುಂಚೆ ಕಂಬ ಅಪ್ಪಿಕೊಂಡು, ಏನು ಆಟ ಎಂಬಂತೆ ಕೆಳಗೆ ನೋಡುತ್ತಿರುವುದು. ಹನ್ನೆರಡು-ಹದಿನೆಂಟು ಸೈಜು, ಲ್ಯಾಮಿನೇಷನ್, ಫ್ರೇಮು ಬೇಡ. ಇನ್ನೊಂದು ಚಿಕ್ಕ ಕಾಪಿ ಅಜ್ಜಿ ಮನೆಯವರಿಗೆ. ದುಡ್ಡು ಬೇಡವೆಂದದ್ದಕ್ಕೆ ಕೇಳಲಿಲ್ಲ, ಕೊಯ್ಲಿನ ಲೆಕ್ಕದಲ್ಲಿ ಹಿಡ್ಕಳಿ ಎಂದು ಹೊರಟರು. ನವೆಂಬರ್ ಮೊದಲ ವಾರ ಕೊಯ್ಲು. ಅಷ್ಟರಲ್ಲಿ ಚಾವಡಿ ಖಾಲಿ ಮಾಡಿಕೊಡಬೇಕಂತೆ.